ಮಾರ್ಬಲ್ ಟೈಲ್ ಮೇಲೆ ಲೇಸರ್ ಫೋಟೊ, ಕನ್ನಡ ಅಕ್ಷರ: ಮೊದಲು ಕಲ್ಲು, ಆಮೇಲೆ ಸೆಟ್ಟಿಂಗ್

ಕಲ್ಲಿನ ಮೇಲೆ ಲೇಸರ್‌ನಲ್ಲಿ ಫೋಟೊ ಕೆತ್ತಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಪವರ್ ಎಷ್ಟು, ಸ್ಪೀಡ್ ಎಷ್ಟು?’ ಯಾವ ಕಲ್ಲು ಅಂತ ತಿರುಗಿ ಕೇಳಿದರೆ ‘ಮಾರ್ಬಲ್’ ಅನ್ನುತ್ತಾರೆ. ಟೈಲ್ ನೋಡಿದರೆ ಅದು ಗ್ರಾನೈಟ್ ಆಗಿರುತ್ತದೆ, ಇಲ್ಲವೇ ಮೇಲೆ ಮಾರ್ಬಲ್ ಡಿಸೈನ್ ಪ್ರಿಂಟ್ ಆಗಿರುವ ವಿಟ್ರಿಫೈಡ್ ಟೈಲ್. ಈ ಮೂರರ ಮೇಲೂ ಲೇಸರ್ ಬಿಡುವ ಗುರುತು ಬೇರೆ ಬೇರೆ. ಹಾಗಾಗಿ ಇಲ್ಲಿ ಸೆಟ್ಟಿಂಗ್ ವಿಷಯ ಬರುವುದು ಸಾಕಷ್ಟು ತಡವಾಗಿ. ಮೊದಲು ಕಲ್ಲು, ಆಮೇಲೆ ಫೋಟೊ, ಆಮೇಲೆ ಅಕ್ಷರ. ಇವು ಮೂರೂ ಸರಿ ಇದ್ದರೆ ಸೆಟ್ಟಿಂಗ್ ತಾನಾಗಿ ಸಿಗುತ್ತದೆ.

ಕೈಯಲ್ಲಿರುವುದು ಯಾವ ಕಲ್ಲು?

ಮಾರ್ಬಲ್ ಮೂಲದಲ್ಲಿ ಸುಣ್ಣದ ಕಲ್ಲೇ. ನೆಲದೊಳಗಿನ ಬಿಸಿ, ಒತ್ತಡಕ್ಕೆ ಸಿಕ್ಕಿ ಮತ್ತೆ ಹರಳುಗಟ್ಟಿದ ಕ್ಯಾಲ್ಸಿಯಂ ಕಾರ್ಬೊನೇಟ್. ಮೆತ್ತಗಿನ ಕಲ್ಲು. ಮೋಸ್ ಗಟ್ಟಿತನದ ಅಳತೆಯಲ್ಲಿ ಅದು 3ರ ಆಸುಪಾಸು, ಗ್ರಾನೈಟ್‌ನಲ್ಲಿರುವ ಕ್ವಾರ್ಟ್ಜ್ 7. ಪತ್ತೆ ಮಾಡುವುದು ಸುಲಭ. ಟೈಲ್ ತಿರುಗಿಸಿ, ಪಾಲಿಶ್ ಇಲ್ಲದ ಹಿಂಬದಿಯಲ್ಲಿ ಎರಡು ಹನಿ ನಿಂಬೆರಸ ಹಾಕಿ. ಸಣ್ಣಗೆ ನೊರೆ ಎದ್ದರೆ ಮಾರ್ಬಲ್ ಅಥವಾ ಸುಣ್ಣದ ಕಲ್ಲಿನ ಜಾತಿ. ನೊರೆ ಸರಿಯಾಗಿ ಕಾಣದಿದ್ದರೆ ಮೊಳೆಯಿಂದ ಸ್ವಲ್ಪ ಕೆರೆದು, ಆ ಪುಡಿಯ ಮೇಲೆ ಹಾಕಿ ನೋಡಿ. ಆಗಲೂ ಏನೂ ಆಗದಿದ್ದರೆ ಗ್ರಾನೈಟ್ ಅಥವಾ ವಿಟ್ರಿಫೈಡ್. ಮುಂಭಾಗದ ಪಾಲಿಶ್ ಮೇಲೆ ಮಾತ್ರ ಹಾಕಬೇಡಿ, ಮಂಕು ಕಲೆ ಉಳಿದುಬಿಡುತ್ತದೆ.

ವಿಟ್ರಿಫೈಡ್ ಅಂತ ಗೊತ್ತಾಗಬೇಕಾದರೆ ಟೈಲಿನ ಅಂಚು ನೋಡಿ. ನಿಜವಾದ ಮಾರ್ಬಲ್ ಆದರೆ ಮೇಲಿನ ಗೆರೆ ಒಳಗೂ ಹಾದುಹೋಗಿರುತ್ತದೆ. ಪ್ರಿಂಟ್ ಆದರೆ ಮೇಲೆ ತೆಳುವಾದ ಒಂದು ಪದರ, ಕೆಳಗೆ ಒಂದೇ ಬಣ್ಣದ ಮಣ್ಣಿನ ಮೈ. ಅಂಥದ್ದರ ಮೇಲೆ ಲೇಸರ್ ಬಿಟ್ಟರೆ ಗ್ಲೇಜ್ ಚೂರು ಚೂರಾಗಿ ಎದ್ದು ಬರುತ್ತದೆ. ಅಕ್ಷರಕ್ಕೆ ಹೇಗೋ ನಡೆಯುತ್ತದೆ, ಫೋಟೊಗೆ ಆಗುವುದಿಲ್ಲ.

ಈಗ ಮುಖ್ಯ ವಿಷಯ. ಲೇಸರ್ ಕಲ್ಲಿಗೆ ಬಣ್ಣ ಹಚ್ಚುವುದಿಲ್ಲ, ಮರದ ಹಾಗೆ ಸುಟ್ಟು ಕಪ್ಪು ಮಾಡುವುದೂ ಇಲ್ಲ. ಕಿರಣ ಬಿದ್ದ ಜಾಗ ಒಂದು ಕ್ಷಣ ವಿಪರೀತ ಕಾಯುತ್ತದೆ, ಮೇಲಿನ ಪಾಲಿಶ್ ಪದರ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗಿ ಒಡೆಯುತ್ತದೆ, ಆ ಬಿರುಕುಗಳಿಂದ ಬೆಳಕು ಎಲ್ಲ ಕಡೆ ಚದುರಿ ಆ ಜಾಗ ಬೆಳ್ಳಗೆ ಕಾಣುತ್ತದೆ. ಮಾರ್ಬಲ್ ಆದರೆ ಇನ್ನೊಂದು ಸಂಗತಿ ಇದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲ್ಮೈ ಸುಟ್ಟ ಸುಣ್ಣವಾಗಿ ಬಿಳಿ ಪುಡಿ ಬಿಡುತ್ತದೆ. ಅಂದರೆ ಲೇಸರ್ ಕೊಡುವುದು ಬಿಳಿ ಬಣ್ಣ ಮಾತ್ರ. ಬಿಳಿ ಮಾರ್ಬಲ್ ಮೇಲೆ ಬಿಳಿ ಗುರುತು ಮಾಡಿದರೆ ಏನು ಕಾಣುತ್ತದೆ? ಓರೆಯಾಗಿ ಬೆಳಕಿಗೆ ಹಿಡಿದಾಗ ಏನೋ ಇದೆ ಅನ್ನಿಸುತ್ತದೆ, ಅಷ್ಟೆ.

ಆದ್ದರಿಂದ ರಾಜಸ್ಥಾನದ ಮಕ್ರಾಣದಂಥ ಬಿಳಿ ಮಾರ್ಬಲ್‌ನಲ್ಲಿ ಅಕ್ಷರ ಕೆತ್ತಿ ಬಣ್ಣ ತುಂಬಿ. ಫೋಟೊ ಬೇಕೇ? ಕಪ್ಪು ಕಲ್ಲಿಗೆ ಹೋಗಿ.

ಕಪ್ಪಿನಲ್ಲೂ ಆರಿಸಬೇಕು. ನಮ್ಮ ಚಾಮರಾಜನಗರದ ಕಪ್ಪು ಫೋಟೊಗೆ ಹೇಳಿ ಮಾಡಿಸಿದ ಕಲ್ಲು. ಅಂಗಡಿಯಲ್ಲಿ ಗ್ರಾನೈಟ್ ಅನ್ನುತ್ತಾರೆ, ಭೂವಿಜ್ಞಾನದವರ ಪ್ರಕಾರ ಅದು ಡಾಲರೈಟ್. ಹೆಸರು ಏನಾದರೂ ಇರಲಿ, ಕಾಳು ಸಣ್ಣ, ಬಣ್ಣ ಒಂದೇ ಸಮ. ಹಾಗಾಗಿ ಕಣ್ಣಿನ ರೆಪ್ಪೆಯವರೆಗೂ ವಿವರ ಬರುತ್ತದೆ. ಆಂಧ್ರದ ಚೀಮಕುರ್ತಿಯ ಬ್ಲ್ಯಾಕ್ ಗ್ಯಾಲಕ್ಸಿ ನೋಡಲು ಚೆಂದ, ಆದರೆ ಅದರೊಳಗಿನ ಹೊನ್ನಿನ ಚುಕ್ಕಿಗಳು ಸರಿಯಾಗಿ ಮೂಗಿನ ಮೇಲೋ ಕೆನ್ನೆ ಮೇಲೋ ಬಂದು ಕೂರುತ್ತವೆ. ಹೆಸರಿನ ಫಲಕಕ್ಕೆ ಅಡ್ಡಿಯಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್‌ನ ಕಾಳು ದಪ್ಪ, ಅದರ ಮೇಲೆ ಮುಖ ಕೆತ್ತುವ ಸಾಹಸ ಬೇಡ. ರಾಜಸ್ಥಾನದ ಭೈಂಸ್ಲಾನಾ ಕಪ್ಪು ಮಾರ್ಬಲ್ ಚೆನ್ನಾಗಿ ಬೆಳ್ಳಗಾಗುತ್ತದೆ. ಕಪ್ಪು ಮಾರ್ಬಲ್‌ನಲ್ಲಿ ಬಿಳಿ ಗೆರೆಗಳು ಸಾಮಾನ್ಯ, ಗೆರೆ ಇರುವಲ್ಲಿ ಕೆತ್ತನೆ ಕಾಣುವುದಿಲ್ಲ, ಹಾಗಾಗಿ ಗೆರೆ ಇಲ್ಲದ ಜಾಗ ನೋಡಿ ಕತ್ತರಿಸಿಕೊಳ್ಳಿ.

ಕಡಪ ಕಲ್ಲಿನ ವಿಷಯ ಯಾರೂ ಹೇಳುವುದಿಲ್ಲ. ಅಡುಗೆಮನೆ ಶೆಲ್ಫಿಗೆ ಹಾಕುವ ಆ ಕಪ್ಪು ಕಲ್ಲು ಸುಣ್ಣದ ಕಲ್ಲಿನ ಜಾತಿ, ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ. ಪಾಲಿಶ್ ಆದ ತುಂಡು ಸಿಕ್ಕರೆ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಬೇಡ. ಗುರುತು ಅಚ್ಚ ಬಿಳಿ ಅಲ್ಲ, ತಿಳಿ ಬೂದು. ಕೆಲವು ಮುಖಗಳಿಗೆ ಅದೇ ಚೆಂದ ಅನ್ನುವುದು ನನ್ನ ಅಭಿಪ್ರಾಯ.

ಹೊಸ ಟೈಲ್ ಕೊಳ್ಳುವ ಮೊದಲು ಗ್ರಾನೈಟ್ ಅಂಗಡಿಯ ಹಿಂದೆ ಬಿದ್ದಿರುವ ಕಟ್ ಪೀಸ್ ಕೇಳಿ. ಸಿಂಕಿಗೆ, ಒಲೆಗೆ ತೂತು ಕೊರೆದಾಗ ಉಳಿದ ತುಂಡುಗಳು ಅವರಿಗೆ ಕಸ, ನಿಮಗೆ ಬಂಡವಾಳ. ಬೆಂಗಳೂರು ಹತ್ತಿರದ ಜಿಗಣಿ ಕಡೆ ಇರುವವರಿಗಂತೂ ಇದಕ್ಕೆ ಬರವಿಲ್ಲ. ಅಲ್ಲೇ ನಾಲ್ಕು ಅಂಚಿಗೂ ಎಡ್ಜ್ ಪಾಲಿಶ್ ಮಾಡಿಸಿಕೊಂಡು ಬನ್ನಿ, ಕೆತ್ತಿದ ಮೇಲೆ ಮಾಡಿಸಲು ಹೋದರೆ ಗೀರು ಬೀಳುವ ಭಯ. ಇನ್ನೊಂದು ಪರೀಕ್ಷೆ: ಬಿಳಿ ಬಟ್ಟೆಗೆ ಸ್ವಲ್ಪ ಅಸಿಟೋನ್ ಹಾಕಿ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಹಾಕಿ ಕಪ್ಪು ಮಾಡಿದ ಕಲ್ಲು. ವರ್ಷ ಕಳೆದ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ನಿಮ್ಮ ಫೋಟೊ ಕೂಡ ಅದರ ಜೊತೆ ಮಂಕಾಗುತ್ತದೆ.

ಬಿಳಿ ಹಿನ್ನೆಲೆಯ ಮೇಲೆ ಕಪ್ಪು ಫೋಟೊನೇ ಬೇಕು ಅನ್ನುವವರಿಗೆ ಬೇರೆ ದಾರಿ ಇದೆ, ಅದು ಮಾರ್ಬಲ್ ಅಲ್ಲ. ಬಾತ್‌ರೂಮಿಗೆ ಹಾಕುವ ಬಿಳಿ ಗ್ಲೇಜ್ ಸೆರಾಮಿಕ್ ಟೈಲ್ ತಗೊಂಡು, ಟೈಟಾನಿಯಂ ಡೈಆಕ್ಸೈಡ್ ಇರುವ ಬಿಳಿ ಸ್ಪ್ರೇ ಪೇಂಟ್ ತೆಳುವಾಗಿ ಹೊಡೆದು, ಒಣಗಿದ ಮೇಲೆ ಡಯೋಡ್ ಲೇಸರ್‌ನಲ್ಲಿ ಫೋಟೊ ಕೆತ್ತಿ, ಉಳಿದ ಪೇಂಟ್ ಥಿನ್ನರ್‌ನಲ್ಲಿ ತೊಳೆದರೆ ಕಿರಣ ಬಿದ್ದ ಕಡೆ ಕಪ್ಪು ಗುರುತು ಗ್ಲೇಜಿಗೆ ಬೆಸೆದು ನಿಂತಿರುತ್ತದೆ. ಈ ವಿಧಾನದ ವಿವರ ಇಂಟರ್‌ನೆಟ್‌ನಲ್ಲಿ ‘ನಾರ್ಟನ್ ವೈಟ್ ಟೈಲ್’ ಅಂತ ಹುಡುಕಿದರೆ ಸಿಗುತ್ತದೆ.

ಯಾವ ಯಂತ್ರ?

ಸಿಒ2 ಲೇಸರ್, ಅಂದರೆ ಗಾಜಿನ ಟ್ಯೂಬಿನಲ್ಲಿ ಕಾರ್ಬನ್ ಡೈಆಕ್ಸೈಡ್ ಅನಿಲ ಇರುವಂಥದ್ದು, ಇದ್ದರೆ ಯೋಚನೆಯೇ ಬೇಡ. ಅದರ ಕಿರಣ 10.6 ಮೈಕ್ರಾನ್ ಅಲೆಯದ್ದು, ಬಿಳಿ ಕಲ್ಲಾಗಲಿ ಕರಿ ಕಲ್ಲಾಗಲಿ ಅದನ್ನು ಹೀರಿಕೊಳ್ಳುತ್ತದೆ. 40 ವ್ಯಾಟ್ ಟ್ಯೂಬ್ ಸಾಕು. ಮನೆಯಲ್ಲಿ ಮೇಜಿನ ಮೇಲಿಡುವ ನೀಲಿ ಡಯೋಡ್ ಲೇಸರ್, ಅಂದರೆ 450 ನ್ಯಾನೋಮೀಟರ್ ಆಸುಪಾಸಿನದ್ದು, ಕಪ್ಪು ಕಲ್ಲಿನ ಮೇಲೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಬಿಳಿ ಮಾರ್ಬಲ್‌ನಿಂದ ಬಹುಪಾಲು ವಾಪಸ್ ಚಿಮ್ಮುತ್ತದೆ. ಡಯೋಡ್ ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಅದು ಯಂತ್ರ ಎಳೆಯುವ ಕರೆಂಟಿನ ಲೆಕ್ಕ ಇರಬಹುದು. ಆಪ್ಟಿಕಲ್ ಪವರ್, ಅಂದರೆ ಹೊರಬರುವ ಕಿರಣದ ಶಕ್ತಿ, ಎಷ್ಟು ಅಂತ ನೋಡಿ. 5ರಿಂದ 10 ವ್ಯಾಟ್ ಆಪ್ಟಿಕಲ್ ಇದ್ದರೆ ಈ ಕೆಲಸಕ್ಕೆ ಧಾರಾಳ.

ಕಣ್ಣು, ಶ್ವಾಸಕೋಶ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ಪಾಲಿಶ್ ಆದ ಕಲ್ಲು ಕನ್ನಡಿ ಇದ್ದ ಹಾಗೆ. ತೆರೆದ ಚೌಕಟ್ಟಿನ ಡಯೋಡ್ ಯಂತ್ರದಲ್ಲಿ ನೀಲಿ ಕಿರಣ ಅದರಿಂದ ಪ್ರತಿಫಲಿಸಿ ಎಲ್ಲಿಗೆ ಬೇಕಾದರೂ ಹೋಗಬಹುದು. ಆ ಅಲೆಯಳತೆಗೇ ಮಾಡಿದ ಕನ್ನಡಕ ಬೇಕು, ನಿಮಗೆ ಮಾತ್ರ ಅಲ್ಲ, ಕೋಣೆಯಲ್ಲಿರುವ ಎಲ್ಲರಿಗೂ. ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ಡಯೋಡ್‌ನ ಕನ್ನಡಕ ಸಿಒ2ಗೆ, ಸಿಒ2ದ್ದು ಡಯೋಡ್‌ಗೆ ಆಗುತ್ತದೆ ಅಂತ ಅಂದುಕೊಳ್ಳಬೇಡಿ, ಎರಡೂ ಬೇರೆ.

ಗ್ರಾನೈಟ್ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಲ್ಲು ಕ್ವಾರಿಯವರನ್ನು ಕಾಡುವ ಸಿಲಿಕೋಸಿಸ್ ಬರುವುದು ಅದರಿಂದಲೇ. ಲೇಸರ್‌ನಲ್ಲಿ ಏಳುವ ಧೂಳು ಕಡಿಮೆ, ಆದರೆ ತುಂಬ ಸಣ್ಣದು. ಎಕ್ಸಾಸ್ಟ್ ಫ್ಯಾನ್ ಹೊರಗೆ ಬಿಡುವಂತಿರಲಿ, ಟೈಲ್ ಒರೆಸುವಾಗ ಒಣ ಬ್ರಷ್ ಬದಲು ಒದ್ದೆ ಬಟ್ಟೆ ಬಳಸಿ, ಎನ್95 ಮಾಸ್ಕ್ ಹಾಕಿ. ಬಾಯಿಂದ ಊದಿ ಧೂಳು ಹಾರಿಸುವ ಅಭ್ಯಾಸ ಬಿಡಿ.

ಫೋಟೊ ತಯಾರಿ: ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ

ವಾಟ್ಸ್ಯಾಪ್‌ನಲ್ಲಿ ನಾಲ್ಕು ಜನರ ಕೈ ದಾಟಿ ಬಂದ ಫೋಟೊ ಬೇಡ. ಮೂಲ ಪ್ರಿಂಟ್ ಇದ್ದರೆ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿಸಿ. ತೀರಿಕೊಂಡ ಹಿರಿಯರ ಫೋಟೊ ಆದರೆ ಗೋಡೆ ಮೇಲೆ ಹಾರ ಹಾಕಿದ ಫ್ರೇಮನ್ನು ಮೊಬೈಲ್‌ನಲ್ಲಿ ಕ್ಲಿಕ್ಕಿಸಿ ಕಳಿಸುವವರೇ ಜಾಸ್ತಿ. ಗಾಜಿನಲ್ಲಿ ಟ್ಯೂಬ್‌ಲೈಟ್ ಪ್ರತಿಬಿಂಬ, ಅಂಚಿನಲ್ಲಿ ಹೂವು. ಫ್ರೇಮ್ ಬಿಚ್ಚಿ ಫೋಟೊ ಹೊರಗೆ ತೆಗೆಯಿರಿ, ಕಿಟಕಿ ಪಕ್ಕದ ಬೆಳಕಿನಲ್ಲಿ ನೇರ ಮೇಲಿನಿಂದ ತೆಗೆಯಿರಿ. ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಲು ಹೋಗಬೇಡಿ, ಇರುವುದೂ ಹರಿದುಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಫೋಟೊ ತಿದ್ದಲು ಜಿಂಪ್ ಅಥವಾ ಫೋಟೊಪೀ ಸಾಫ್ಟ್‌ವೇರ್ ಸಾಕು, ಎರಡಕ್ಕೂ ದುಡ್ಡಿಲ್ಲ. ಮೊದಲು ಕ್ರಾಪ್. ಮುಖ ದೊಡ್ಡದಾಗಿರಲಿ. 15 ಸೆಂ.ಮೀ. ಟೈಲಿನಲ್ಲಿ ಆರು ಜನರ ಗುಂಪು ಫೋಟೊ ಹಾಕಿದರೆ ಒಬ್ಬೊಬ್ಬರ ಮುಖ ಬಟಾಣಿ ಗಾತ್ರ ಆಗುತ್ತದೆ, ಯಾರು ಯಾರೆಂದು ಮನೆಯವರಿಗೂ ಗೊತ್ತಾಗುವುದಿಲ್ಲ. ಆಮೇಲೆ ಹಿನ್ನೆಲೆ ತೆಗೆದು ಪೂರ್ತಿ ಕಪ್ಪು ಮಾಡಿ. ಕಪ್ಪು ಕಲ್ಲಿನ ಮೇಲೆ ಕೆತ್ತುವಾಗ ಹಿನ್ನೆಲೆ ಕಪ್ಪಿದ್ದರೆ ಲೇಸರ್ ಅಲ್ಲಿ ಉರಿಯುವುದೇ ಇಲ್ಲ, ಕಲ್ಲಿನ ಹೊಳಪು ಹಾಗೇ ಉಳಿಯುತ್ತದೆ.

ಇಲ್ಲೊಂದು ತೊಡಕಿದೆ. ನಮ್ಮವರ ಕೂದಲು ಕಪ್ಪು, ಹಿನ್ನೆಲೆಯೂ ಕಪ್ಪು. ಹಾಗೇ ಬಿಟ್ಟರೆ ಹಣೆಯಿಂದ ಮೇಲೆ ತಲೆಯೇ ಇಲ್ಲದಂತೆ ಕಾಣುತ್ತದೆ. ಕೂದಲಿನ ಅಂಚಿಗೆ, ಭುಜದ ಅಂಚಿಗೆ ಹಿಂದಿನಿಂದ ತೆಳುವಾದ ಬೂದು ಬೆಳಕು ಹಾಕಿ. ಮೆತ್ತನೆಯ ಬ್ರಷ್, ಕಡಿಮೆ ಒಪಾಸಿಟಿ. ಕೂದಲೊಳಗಿನ ಎಳೆಗಳನ್ನೂ ಸ್ವಲ್ಪ ತಿಳಿ ಮಾಡಿ.

ಕಪ್ಪು-ಬಿಳುಪಿಗೆ ಬದಲಿಸುವಾಗ ಸುಮ್ನೆ ‘ಗ್ರೇಸ್ಕೇಲ್’ ಒತ್ತಿ ಬಿಡಬೇಡಿ. ಕೆಂಪು ಕುಂಕುಮ ಮತ್ತು ಚರ್ಮದ ಬಣ್ಣ ಎರಡೂ ಒಂದೇ ಬೂದು ಆಗಿ ಹಣೆಯ ಬೊಟ್ಟು ಮಾಯವಾಗಬಹುದು. ಕೆಂಪು ಚಾನೆಲ್ ಮಾತ್ರ ತಗೊಂಡರೆ ಮುಖ ನುಣುಪಾಗುತ್ತದೆ, ಬೊಟ್ಟು ಪೂರ್ತಿ ಹೋಗುತ್ತದೆ. ಹಸಿರು ಚಾನೆಲ್‌ನಲ್ಲಿ ಬೊಟ್ಟು ಎದ್ದು ಕಾಣುತ್ತದೆ, ಜೊತೆಗೆ ಮುಖದ ಕಲೆಗಳೂ. ನಾನಾದರೆ ಮುಖಕ್ಕೆ ಕೆಂಪು, ಬೊಟ್ಟಿನ ಜಾಗಕ್ಕೆ ಹಸಿರು, ಎರಡು ಲೇಯರ್ ಇಟ್ಟು ಬೆರೆಸುತ್ತೇನೆ. ಅಮ್ಮನ ಫೋಟೊದಲ್ಲಿ ಕುಂಕುಮ ಇಲ್ಲದಿದ್ದರೆ ಕೆತ್ತನೆ ಎಷ್ಟು ಚೆನ್ನಾಗಿದ್ದರೂ ಮನೆಯವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಅಲ್ವಾ?

ಆಮೇಲೆ ಲೆವೆಲ್ಸ್, ಅಂದರೆ ಕಪ್ಪು-ಬಿಳುಪಿನ ಮಟ್ಟ ಸರಿಪಡಿಸುವುದು. ಸ್ಕ್ರೀನಿನಲ್ಲಿ ಸ್ವಲ್ಪ ಜಾಸ್ತಿಯಾಯಿತು ಅನ್ನಿಸುವಷ್ಟು ಕಾಂಟ್ರಾಸ್ಟ್ ಏರಿಸಿ. ಕಲ್ಲಿಗೆ ನೂರಾರು ಬೂದು ಛಾಯೆ ತೋರಿಸುವ ಶಕ್ತಿ ಇಲ್ಲ. ಆದರೆ ಹಣೆ, ಮೂಗಿನ ತುದಿ ಪೂರ್ತಿ ಬಿಳಿಯಾಗಲು ಬಿಡಬೇಡಿ. ಲೇಸರ್ ಫೋಟೊವನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಕೆತ್ತುತ್ತದೆ, ಆ ಚುಕ್ಕಿಗಳ ನಡುವೆ ಜಾಗವೇ ಇಲ್ಲದಿದ್ದರೆ ಅಲ್ಲಿ ಕಲ್ಲು ಒಟ್ಟಾಗಿ ಸಿಪ್ಪೆಯೇಳುತ್ತದೆ. ಕೊನೆಗೆ ಟೈಲಿನ ನಿಜವಾದ ಅಳತೆಗೆ ತಂದು, ರೆಸಲ್ಯೂಷನ್ 254 ಡಿಪಿಐ ಇಟ್ಟು, ಆಮೇಲೆ ಶಾರ್ಪನ್ ಮಾಡಿ. 254 ಯಾಕೆಂದರೆ ಗೆರೆಯಿಂದ ಗೆರೆಗೆ ಸರಿಯಾಗಿ 0.1 ಮಿ.ಮೀ. ಬರುತ್ತದೆ. ಡಯೋಡ್‌ನ ಚುಕ್ಕಿ ಸಣ್ಣದಿದ್ದರೆ 318ಕ್ಕೆ ಹೋಗಬಹುದು. ಅದಕ್ಕಿಂತ ಮೇಲೆ ಹೋದರೆ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ವಿವರ ಹೋಗುತ್ತದೆ, ಟೈಮೂ ದಂಡ.

ಫೋಟೊವನ್ನು ಚುಕ್ಕಿಯಾಗಿ ಒಡೆಯುವ ಕೆಲಸವನ್ನು ಲೇಸರ್ ಯಂತ್ರ ನಡೆಸುವ ಲೈಟ್‌ಬರ್ನ್ ಸಾಫ್ಟ್‌ವೇರ್‌ಗೆ ಬಿಡಿ. ಅದರ ಇಮೇಜ್ ಮೋಡ್‌ನಲ್ಲಿ ಜಾರ್ವಿಸ್ ಅಥವಾ ಸ್ಟಕಿ ಆರಿಸಿ, ಇವು ಚುಕ್ಕಿ ಹರಡುವ ಎರಡು ವಿಧಾನಗಳು, ಮುಖಗಳಿಗೆ ಎರಡೂ ಒಳ್ಳೆಯದು. ಗ್ರೇಸ್ಕೇಲ್ ಮೋಡ್ ಬೇಡ. ಅದರಲ್ಲಿ ಪವರ್ ಕ್ಷಣಕ್ಷಣಕ್ಕೂ ಏರಿಳಿಯಬೇಕು, ಗಾಜಿನ ಸಿಒ2 ಟ್ಯೂಬ್ ತೀರಾ ಕಡಿಮೆ ಪವರ್‌ನಲ್ಲಿ ಉರಿಯುವುದೇ ಇಲ್ಲ. ಬೇರೆ ಸಾಫ್ಟ್‌ವೇರ್‌ನಲ್ಲಿ ಮೊದಲೇ ಚುಕ್ಕಿ ಮಾಡಿಸಿದ್ದರೆ ‘ಪಾಸ್ ಥ್ರೂ’ (ಚಿತ್ರವನ್ನು ಇದ್ದ ಹಾಗೇ ಕೆತ್ತುವ ಆಯ್ಕೆ) ಹಾಕಿ, ಆಮೇಲೆ ಗಾತ್ರ ಒಂದಿಷ್ಟೂ ಬದಲಿಸಬೇಡಿ.

ಮರೆಯಬಾರದ್ದು: ‘ನೆಗೆಟಿವ್ ಇಮೇಜ್’. ಲೇಸರ್ ಸಾಫ್ಟ್‌ವೇರ್ ಕಪ್ಪು ಕಂಡಲ್ಲಿ ಉರಿಯುತ್ತದೆ, ನಮಗೆ ಬೇಕಾದದ್ದು ಬಿಳಿ ಇರುವಲ್ಲಿ. ಕಪ್ಪು ಕಲ್ಲಿಗೆ ಇದು ಆನ್ ಇರಬೇಕು. ಇಲ್ಲದಿದ್ದರೆ ಬಿಳಿ ಕೂದಲು, ಕರಿ ಹಲ್ಲಿನ ಭೂತ ಬರುತ್ತದೆ. ಮೇಲೆ ಹೇಳಿದ ಬಿಳಿ ಸೆರಾಮಿಕ್ ವಿಧಾನದಲ್ಲಿ ಗುರುತು ಕಪ್ಪು, ಅದಕ್ಕೆ ನೆಗೆಟಿವ್ ಬೇಡ.

ಕನ್ನಡ ಅಕ್ಷರ

ಇಂಗ್ಲಿಷ್ ಹೆಸರು ಕೆತ್ತುವವರಿಗೆ ಈ ಭಾಗ ಬೇಕಿಲ್ಲ. ನಮಗೆ ಬೇಕು.

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಆದರೂ ನಿರಾಳ ಅಲ್ಲ. ಒತ್ತಕ್ಷರ ಬಿಡಿಯಾಗಿ ಪಕ್ಕಕ್ಕೆ ಬಂದು ‘ಲಕ್ಷ್ಮಿ’ ಮೂರು ತುಂಡಾಗಿ ನಿಲ್ಲಬಹುದು. ಪರಿಹಾರ ಒಂದೇ. ಇಂಕ್‌ಸ್ಕೇಪ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಬಳಸಿ ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು, ಆಮೇಲೆ ‘ಯೂನಿಯನ್’ ಕೊಡಿ. ಆಗ ಅದು ಅಕ್ಷರವಲ್ಲ, ಬರೀ ಚಿತ್ರ. ಯಾವ ಯಂತ್ರಕ್ಕೆ ಹಾಕಿದರೂ ಹಾಗೇ ಇರುತ್ತದೆ. ಯೂನಿಯನ್ ಮಾಡದಿದ್ದರೆ ಕೊಂಬು, ದೀರ್ಘ ಅಕ್ಷರಕ್ಕೆ ತಾಗುವಲ್ಲಿ ಎರಡು ಆಕಾರ ಒಂದರ ಮೇಲೊಂದು ಕೂತು, ಆ ಚೂರು ಕೆತ್ತನೆಯಾಗದೆ ತೂತು ಉಳಿಯುತ್ತದೆ. ಕೋರಲ್‌ಡ್ರಾ ಬಳಸುವವರಿಗೆ ‘ಕನ್ವರ್ಟ್ ಟು ಕರ್ವ್ಸ್’ ಮತ್ತು ‘ವೆಲ್ಡ್’.

ಫಾಂಟ್ ದಪ್ಪಗಿರಲಿ. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಉಚಿತವಾಗಿ ಸಿಗುತ್ತವೆ. ತೆಳು ಗೆರೆಯ ಅಲಂಕಾರದ ಫಾಂಟ್ ಸ್ಕ್ರೀನ್ ಮೇಲೆ ಚೆಂದ, ಕಲ್ಲಿನ ಮೇಲೆ ಅಂಚು ಚೂರೆದ್ದು ಹಾಳಾಗುತ್ತದೆ. ನಿಜವಾದ ತೊಂದರೆ ಬರುವುದು ಮಹಾಪ್ರಾಣದಲ್ಲಿ. ‘ದ’ ಮತ್ತು ‘ಧ’ಗೆ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ‘ಧ’ ಮತ್ತು ‘ಥ’ಗೆ ಇರುವುದು ಒಳಗಿನ ಒಂದು ಚುಕ್ಕಿ. ಕಲ್ಲು ಚಕ್ಕೆ ಎದ್ದು ಆ ಗೀಟು ಮುಚ್ಚಿಹೋದರೆ ‘ಧನಲಕ್ಷ್ಮಿ ನಿಲಯ’ದ ಬಾಗಿಲಲ್ಲಿ ದನ ಬಂದು ನಿಲ್ಲುತ್ತದೆ. ಬೀದಿಯ ಮಕ್ಕಳು ಬಿಡುತ್ತಾರಾ? ಹಾಗಾಗಿ ಹೆಸರಿನಲ್ಲಿ ಮಹಾಪ್ರಾಣ ಇದ್ದರೆ ಪಾತ್ ಎಡಿಟ್ ಮಾಡಿ ಆ ಗೀಟನ್ನು, ಚುಕ್ಕಿಯನ್ನು ಕೈಯಾರೆ ಸ್ವಲ್ಪ ದೊಡ್ಡದು ಮಾಡಿ.

ಗಾತ್ರದ ಬಗ್ಗೆ: ಮೂಲಾಕ್ಷರ 10 ಮಿ.ಮೀ. ಎತ್ತರಕ್ಕಿಂತ ಕಡಿಮೆ ಇರದಿದ್ದರೆ ಒತ್ತಕ್ಷರವೂ ಓದಲು ಬರುತ್ತದೆ. ‘ಸ್ತ್ರೀ’, ‘ಲಕ್ಷ್ಮೀ’ ತರಹದ ಎರಡೊತ್ತಿನ ಅಕ್ಷರ ಇದ್ದರೆ ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕೆತ್ತುವ ಮುಂಚೆ ಕಾಗದದ ಮೇಲೆ ನಿಜವಾದ ಅಳತೆಗೆ ಪ್ರಿಂಟ್ ತೆಗೆದು, ಕನ್ನಡ ಓದುವ ಇನ್ನೊಬ್ಬರಿಗೆ ತೋರಿಸಿ. ಕಲ್ಲಿನಲ್ಲಿ ಕಾಗುಣಿತ ತಿದ್ದಲು ಆಗುವುದಿಲ್ಲ.

ಈಗ ಸೆಟ್ಟಿಂಗ್

ಅದೇ ಕಲ್ಲಿನ ಕಟ್ ಪೀಸ್ ಮೇಲೆ ಟೆಸ್ಟ್ ಗ್ರಿಡ್ ಮಾಡಿ, ಅಂದರೆ ಒಂದೊಂದು ಚೌಕವನ್ನು ಬೇರೆ ಬೇರೆ ಪವರ್, ಸ್ಪೀಡ್‌ನಲ್ಲಿ ಕೆತ್ತಿ. ಲೈಟ್‌ಬರ್ನ್‌ನಲ್ಲಿ ‘ಮೆಟೀರಿಯಲ್ ಟೆಸ್ಟ್’ ಅಂತಲೇ ಇದೆ. 10 ಮಿ.ಮೀ. ಚೌಕ, ಐದು ಸಾಲು, ಐದು ಕಂಬ. 50–60 ವ್ಯಾಟ್ ಸಿಒ2 ಆದರೆ ಸ್ಪೀಡ್ ಸೆಕೆಂಡಿಗೆ 200ರಿಂದ 400 ಮಿ.ಮೀ., ಪವರ್ 15ರಿಂದ 40 ಶೇಕಡ. 10 ವ್ಯಾಟ್ ಡಯೋಡ್ ಆದರೆ ನಿಮಿಷಕ್ಕೆ 1500ರಿಂದ 4000 ಮಿ.ಮೀ., ಪವರ್ 50ರಿಂದ 100 ಶೇಕಡ. ಇವು ಹುಡುಕಾಟ ಶುರು ಮಾಡುವ ಅಂಕಿಗಳು, ಉತ್ತರ ಅಲ್ಲ. ನಿಮ್ಮ ಟ್ಯೂಬ್ ಹಳೆಯದೋ ಹೊಸದೋ, ಲೆನ್ಸ್ ಕೊಳೆಯಾಗಿದೆಯೋ ಎಲ್ಲದರಿಂದಲೂ ಬದಲಾಗುತ್ತವೆ.

ಗ್ರಿಡ್ ಮುಗಿದ ತಕ್ಷಣ ತೀರ್ಮಾನ ಮಾಡಬೇಡಿ. ಮೇಲೆ ಕೂತ ಪುಡಿಯಿಂದ ಎಲ್ಲ ಚೌಕವೂ ಬೆಳ್ಳಗೆ ಹೊಳೆಯುತ್ತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಆಮೇಲೆ ನೋಡಿ. ಒದ್ದೆ ಇದ್ದಾಗ ಕೆತ್ತನೆ ಮಾಯವಾದಂತೆ ಕಾಣುತ್ತದೆ, ಗಾಬರಿ ಬೇಡ, ಒಣಗಿದಾಗ ವಾಪಸ್ ಬರುತ್ತದೆ. ಈಗ ಎರಡು ಚೌಕ ಹೋಲಿಸಿ: ಜಾಸ್ತಿ ಪವರ್‌ನದ್ದು ಜಾಸ್ತಿ ಬಿಳಿ ಇರಬೇಕಲ್ಲ? ಇರುವುದಿಲ್ಲ. ಒಂದು ಮಟ್ಟ ದಾಟಿದರೆ ಗ್ರಾನೈಟ್ ಕರಗಿ ಬೂದು ಗಾಜಿನ ಹಾಗಾಗುತ್ತದೆ, ಮಾರ್ಬಲ್ ಚಕ್ಕೆ ಏಳುತ್ತದೆ. ಬೆಳ್ಳಗೆ ಕಾಣುವ ಚೌಕಗಳಲ್ಲಿ ಎಲ್ಲಕ್ಕಿಂತ ಕಡಿಮೆ ಪವರ್‌ನದ್ದನ್ನು ಆರಿಸಿ. ಅದೇ ಸೆಟ್ಟಿಂಗ್‌ನಲ್ಲಿ ಫೋಟೊದ ಒಂದು ಕಣ್ಣಿನ ಜಾಗವನ್ನು ಮಾತ್ರ 3 ಸೆಂ.ಮೀ. ಕೆತ್ತಿ ನೋಡಿ. ಕಣ್ಣು ಜೀವಂತ ಬಂದರೆ ಉಳಿದದ್ದೂ ಬರುತ್ತದೆ.

ಫೋಕಸ್ ವಿಷಯದಲ್ಲಿ ಕಲ್ಲು ಮೋಸ ಮಾಡುತ್ತದೆ. ಗ್ರಾನೈಟ್ ತುಂಡಿನ ಹಿಂಬದಿ ಏರುತಗ್ಗು, ಒಂದು ಮೂಲೆ 16 ಮಿ.ಮೀ. ಇದ್ದರೆ ಇನ್ನೊಂದು 18. ನಾಲ್ಕು ಮೂಲೆಯಲ್ಲೂ ಫೋಕಸ್ ಅಳೆದು, ತಗ್ಗಿರುವ ಕಡೆ ಕಾಗದ ಮಡಚಿ ಕೆಳಗಿಟ್ಟು ಸಮ ಮಾಡಿ. ತೂಕವೂ ಲೆಕ್ಕಕ್ಕೆ ಬರಲಿ. 20×30 ಸೆಂ.ಮೀ. ಅಳತೆಯ, 18 ಮಿ.ಮೀ. ದಪ್ಪದ ಕಪ್ಪು ಕಲ್ಲು ಹತ್ತಿರ ಹತ್ತಿರ 3 ಕೆ.ಜಿ. ತೂಗುತ್ತದೆ. ಯಂತ್ರದೊಳಗಿನ ಜೇನುಗೂಡಿನಂಥ ತೆಳು ಬೆಡ್ ಅದಕ್ಕೆ ಬಾಗುತ್ತದೆ, ತೆಗೆದು ಕೆಳಗೆ ದಪ್ಪ ಪ್ಲೈವುಡ್ ಹಾಕಿ.

ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು. 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಫೋಟೊ, ಗೆರೆ ಅಂತರ 0.1 ಮಿ.ಮೀ. ಅಂದರೆ 2000 ಗೆರೆ, ಒಟ್ಟು 300 ಮೀಟರ್ ಓಟ. ಸೆಕೆಂಡಿಗೆ 300 ಮಿ.ಮೀ. ಓಡುವ ಸಿಒ2ಗೆ 17 ನಿಮಿಷ, ನಿಮಿಷಕ್ಕೆ 3000 ಮಿ.ಮೀ. ಓಡುವ ಡಯೋಡ್‌ಗೆ 100 ನಿಮಿಷ. ತಿರುಗುವಾಗಿನ ಸಮಯ ಇದರ ಮೇಲೆ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಡಯೋಡ್ ಕೆಲಸಕ್ಕೆ ಕೈ ಹಾಕಬೇಡಿ, ನಡುವೆ ನಿಂತ ಫೋಟೊವನ್ನು ಅದೇ ಗೆರೆಯಿಂದ ಮುಂದುವರಿಸುವುದು ದೊಡ್ಡ ತಲೆನೋವು. ಸಿಒ2 ಇರುವವರು ಬೇಸಿಗೆಯಲ್ಲಿ ಟ್ಯೂಬ್ ತಂಪು ಮಾಡುವ ನೀರು 25 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಬಿಸಿಯಾದರೆ ಪವರ್ ಇಳಿದು ಫೋಟೊದ ಕೆಳಗಿನ ಅರ್ಧ ಮಂಕಾಗುತ್ತದೆ. ಏರ್ ಅಸಿಸ್ಟ್, ಅಂದರೆ ಕಿರಣ ಬೀಳುವಲ್ಲಿ ಊದುವ ಗಾಳಿ, ಸಣ್ಣಗೆ ಸಾಕು, ಲೆನ್ಸ್ ಮೇಲೆ ಪುಡಿ ಕೂರದಿದ್ದರೆ ಆಯಿತು.

ಬಿಳಿ ಮಾರ್ಬಲ್‌ನಲ್ಲಿ ಬಣ್ಣದ ಅಕ್ಷರ

ಟೈಲ್ ತೊಳೆದು ಒಣಗಿಸಿ, ಮೇಲೆ ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪ್ ಗುಳ್ಳೆ ಇಲ್ಲದಂತೆ ಅಂಟಿಸಿ. ವಿನೈಲ್ ಸ್ಟಿಕರ್ ಹಾಕಲೇಬೇಡಿ. ಅದು ಪಿವಿಸಿ, ಲೇಸರ್ ಬಿದ್ದರೆ ಕ್ಲೋರಿನ್ ಸೇರಿದ ಆಮ್ಲದ ಹೊಗೆ ಬಿಡುತ್ತದೆ, ಯಂತ್ರದ ಕಬ್ಬಿಣವನ್ನೂ ನಿಮ್ಮ ಗಂಟಲನ್ನೂ ತಿನ್ನುತ್ತದೆ. ಟೇಪ್ ಸಮೇತ ಅಕ್ಷರ ಕೆತ್ತಿ. ಒಂದೇ ಸಲ ಜೋರು ಪವರ್ ಬೇಡ, ಮಧ್ಯಮ ಪವರ್‌ನಲ್ಲಿ ಎರಡು ಮೂರು ಸಲ ಓಡಿಸಿ, ನಡುನಡುವೆ ಪುಡಿ ತೆಗೆಯಿರಿ. ಬೆರಳಾಡಿಸಿದರೆ ತಗ್ಗು ತಿಳಿಯಬೇಕು. ಟೇಪ್ ಕೀಳದೆ ಒದ್ದೆ ಟೂತ್‌ಬ್ರಷ್‌ನಿಂದ ಪುಡಿ ತೆಗೆದು ಒಣಗಿಸಿ, ಅಕ್ರಿಲಿಕ್ ಅಥವಾ ಎನಾಮೆಲ್ ಪೇಂಟ್ ತೆಳುವಾಗಿ ಎರಡು ಕೋಟ್ ಹಚ್ಚಿ. ನೀರು ನೀರಾದ ಬಣ್ಣ ಬೇಡ, ಮಾರ್ಬಲ್ ಹೀರುತ್ತದೆ, ಅಕ್ಷರದ ಸುತ್ತ ಬಣ್ಣ ಹರಡುತ್ತದೆ. ಪೂರ್ತಿ ಗಟ್ಟಿಯಾಗುವ ಮುಂಚೆ, ಅಂಟಂಟು ಇರುವಾಗಲೇ ಟೇಪ್ ಕೀಳಿ, ಅಂಚು ಚೊಕ್ಕವಾಗಿ ಬರುತ್ತದೆ. ಅಂಚು ದಾಟಿದ ಬಣ್ಣವನ್ನು ಒಣಗಿದ ಮೇಲೆ ಬ್ಲೇಡನ್ನು ಮಲಗಿಸಿ ಹಿಡಿದು ಕೆರೆಯಿರಿ.

ಕಪ್ಪು ಕಲ್ಲಿನ ಅಕ್ಷರಕ್ಕೆ ಬಣ್ಣ ಬೇಕಿಲ್ಲ. ಹೊನ್ನಿನ ಬಣ್ಣ ತುಂಬಿಸುವ ಆಸೆ ಎಲ್ಲರಿಗೂ ಇರುತ್ತದೆ, ನನಗೆ ಬರೀ ಬಿಳಿಯೇ ಇಷ್ಟ.

ಮುಗಿದ ಮೇಲೆ

ಸಾದಾ ನೀರು, ಮೆತ್ತನೆಯ ಬ್ರಷ್. ಎಣ್ಣೆ ಹಚ್ಚಿ ಹೊಳಪು ತರುವವರಿದ್ದಾರೆ, ಕೆತ್ತಿದ ಜಾಗ ಎಣ್ಣೆ ಕುಡಿದು ಕಪ್ಪಾಗಿ ಫೋಟೊ ಮಂಕಾಗುತ್ತದೆ. ಸೀಲರ್ ಕೂಡ ಹಾಗೆ ಮಾಡಬಹುದು, ಮೊದಲು ಕಟ್ ಪೀಸ್ ಮೇಲೆ ಹಚ್ಚಿ ನೋಡಿ. ಮಾರ್ಬಲ್ ಫಲಕವನ್ನು ಹಬ್ಬಕ್ಕೆ ದೀಪದ ಜೊತೆ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಟಾಯ್ಲೆಟ್ ಕ್ಲೀನರ್ ಅಂತೂ ಹತ್ತಿರ ತರಬೇಡಿ. ಹುಳಿ ಏನೇ ಬಿದ್ದರೂ ಅದು ಸುಣ್ಣದ ಕಲ್ಲನ್ನು ತಿನ್ನುತ್ತದೆ. ಹಾಗಾಗಿ ಕಾಂಪೌಂಡ್ ಗೋಡೆಗೆ, ಸಮಾಧಿಗೆ, ಮಳೆ ಬಿಸಿಲಿಗೆ ಗ್ರಾನೈಟ್ ಹಾಕಿ, ಮಾರ್ಬಲ್ ಒಳಗಿರಲಿ. ಲೇಸರ್ ಗುರುತಿನ ಆಳ ಮಿಲಿಮೀಟರಿನ ಸಣ್ಣ ಪಾಲು ಮಾತ್ರ. ಜನ ತುಳಿದಾಡುವ ನೆಲದಲ್ಲಿ ಅದು ಸವೆಯುತ್ತದೆ. ಹೊರಗೆ ದಶಕಗಟ್ಟಲೆ ಓದಿಸಿಕೊಳ್ಳಬೇಕಾದ ಅಕ್ಷರಕ್ಕೆ ಸ್ಯಾಂಡ್‌ಬ್ಲಾಸ್ಟಿಂಗ್ (ಮರಳಿನಂಥ ಪುಡಿಯನ್ನು ರಭಸದಿಂದ ಹೊಡೆದು ಕೊರೆಯುವುದು) ಅಥವಾ ಉಳಿಯೇ ಸರಿ.

ಗೋಡೆಗೆ ಡಬಲ್ ಟೇಪ್ ನಂಬಿ ಅಂಟಿಸಬೇಡಿ, 3 ಕೆ.ಜಿ. ಕಲ್ಲು ತಲೆ ಮೇಲೆ ಬೀಳುತ್ತದೆ. ಟೈಲ್ ಅಡ್ಹೆಸಿವ್ ಹಾಕಿ, ಇಲ್ಲವೇ ಕೆತ್ತುವ ಮೊದಲೇ ಅಂಗಡಿಯಲ್ಲಿ ನಾಲ್ಕು ತೂತು ಕೊರೆಸಿ ಸ್ಟೀಲ್ ಸ್ಕ್ರೂ ಹಾಕಿಸಿ. ಬಿಳಿ ಮಾರ್ಬಲ್ ಹಿಂದೆ ಬೂದು ಸಿಮೆಂಟ್ ಬೇಡ, ಕಲೆ ಮುಂದಕ್ಕೆ ಇಣುಕಬಹುದು. ಬಿಳಿ ಅಡ್ಹೆಸಿವ್ ಕೇಳಿ.

ಯಂತ್ರ ಇಲ್ಲದವರು

ಲೇಸರ್ ಕಟಿಂಗ್ ಅಂಗಡಿಗೆ ಕೊಡುವುದಾದರೆ ಮೇಲಿನ ಕೆಲಸದಲ್ಲಿ ಕಲ್ಲು, ಫೋಟೊ, ಅಕ್ಷರ ಮೂರನ್ನೂ ನೀವೇ ಮಾಡಿ ತಗೊಂಡು ಹೋಗಿ. ಫೋಟೊ ಪಿಎನ್‌ಜಿ ಅಥವಾ ಬಿಎಂಪಿಯಲ್ಲಿ, ಜೆಪೆಗ್ ಬೇಡ. ಅಕ್ಷರ ಕರ್ವ್ಸ್ ಆದ ಎಸ್‌ವಿಜಿ ಅಥವಾ ಡಿಎಕ್ಸ್‌ಎಫ್‌ನಲ್ಲಿ. ಫೈಲಿನ ಜೊತೆ ಕಾಗದದ ಪ್ರಿಂಟ್ ಒಂದು ಕೊಡಿ, ಅವರ ಸ್ಕ್ರೀನಿನಲ್ಲಿ ಕಾಣುವುದಕ್ಕೂ ಅದಕ್ಕೂ ತಾಳೆ ನೋಡಲಿ. ಫೋಟೊ ನೆಗೆಟಿವ್ ಆಗಿದೆಯೋ ಇಲ್ಲವೋ ಬಾಯಲ್ಲಿ ಹೇಳಿ, ಇಲ್ಲದಿದ್ದರೆ ನೀವೊಮ್ಮೆ ಅವರೊಮ್ಮೆ ತಿರುಗಿಸಿ ಮತ್ತೆ ಮೊದಲಿನದೇ ಆಗುತ್ತದೆ. ಅದೇ ಕಲ್ಲಿನ ಒಂದು ಕಟ್ ಪೀಸ್ ಜೊತೆಗೆ ಕೊಟ್ಟು ಟೆಸ್ಟ್‌ಗೆ ಬೇರೆ ದುಡ್ಡು ಕೊಡುತ್ತೇನೆ ಅನ್ನಿ. ಟೆಸ್ಟ್ ಬೇಡ ಸಾರ್, ನಾವು ದಿನಾ ಮಾಡುತ್ತೇವೆ ಅನ್ನುವ ಅಂಗಡಿಯಾದರೆ ಕಲ್ಲು ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗಿ.